ಹಸಿರು ಗೆರೆಯ ಮೇಲೆ ಅನುಮಾನ

ಕುರುಬರಹಳ್ಳಿಯ ದೊಡ್ಡಹನುಮಯ್ಯ ಯಾರನ್ನೂ ನಂಬುತ್ತಿರಲಿಲ್ಲ ಎಂದರೆ ಅದು ಅರ್ಧ ಮಾತು. ಅವನು ಯಾವುದನ್ನೂ ನಂಬುತ್ತಿರಲಿಲ್ಲ. ಹಾಲಿನವಳ ಪಾವು, ಕಂಡಕ್ಟರು ಕೊಟ್ಟ ಚಿಲ್ಲರೆ, ಸೀಮೆಎಣ್ಣೆ ಡಿಪೋದ ಅಳತೆ, ಕೊನೆಗೆ ಸಾರಿಗೆ ಉಪ್ಪು ಹಾಕಿದ್ದೀನಿ ಎಂಬ ಹೆಂಡತಿ ಅಣ್ಣಮ್ಮನ ಮಾತು, ಎಲ್ಲವನ್ನೂ ತಾನೇ ಒಂದು ಸಲ ಪರೀಕ್ಷೆ ಮಾಡಬೇಕು. ಬೀದಿಯವರು ಬೆನ್ನ ಹಿಂದೆ ಅನುಮಾನದಯ್ಯ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಮೋಸ ಹೋಗದವನಿಗೆ ಜನ ಏನಾದರೂ ಒಂದು ಹೆಸರಿಡಲೇಬೇಕಲ್ಲ ಎಂದುಕೊಂಡು ಸುಮ್ಮನಿದ್ದ.

ಕಸುಬಿಗೆ ಅವನು ಆಟೋ ಎಲೆಕ್ಟ್ರಿಷಿಯನ್. ಕಾರು, ಮೆಟಡಾರುಗಳ ವೈರಿಂಗು, ಡೈನಮೋ, ಬ್ಯಾಟರಿ ಚಾರ್ಜು. ಬಿಡುವಾದಾಗ ಟೇಪ್ ರೆಕಾರ್ಡರು, ಟೀವಿ. ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡ ಟೆಸ್ಟ್ ಲ್ಯಾಂಪಿನಲ್ಲೇ ಇಪ್ಪತ್ತು ವರ್ಷ ಅನ್ನ ತಿಂದಿದ್ದ. ಆದರೆ ಎಂಬತ್ತೇಳನೇ ಇಸವಿಯ ಹೊತ್ತಿಗೆ ಅಂಗಡಿಗೆ ಬರುವ ಹೊಸ ಪುಟ್ಟ ಕಾರುಗಳಲ್ಲಿ ಡೈನಮೋ ಹೋಗಿ ಆಲ್ಟರ್ನೇಟರು ಬಂದಿತ್ತು. ಟೆಸ್ಟ್ ಲ್ಯಾಂಪು ಚೆನ್ನಾಗಿಯೇ ಉರಿಯುತ್ತಿತ್ತು, ಕಾರು ಮಾತ್ರ ಸರಿಹೋಗುತ್ತಿರಲಿಲ್ಲ. ನೋಡುನೋಡುತ್ತಿದ್ದಂತೆ ಹಳೆಯ ಗಿರಾಕಿಗಳು ವಿಜಯನಗರದ ಕಡೆಗೆ ತಿರುಗಿಕೊಂಡರು. ಕರೆಂಟು ಒಳಗೆ ಹೇಗೆ ಕುಣಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು ಇಲ್ಲದೆ ಈ ಕಸುಬು ಇನ್ನು ನಡೆಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅದೂ ಕಾರು ನಿಂತ ಕಡೆಗೆ ಒಯ್ಯುವಂಥದ್ದು, ಅವನ ಮೊಪೆಡ್ಡಿನ ಕ್ಯಾರಿಯರ್ ಮೇಲೆ ಕೂರುವಂಥದ್ದು ಬೇಕು.

ಹೊಸದರ ಬೆಲೆ ಕೇಳಿ ಅಂಗಡಿಯ ಮೆಟ್ಟಿಲು ಇಳಿದು ಬಂದಿದ್ದ. ಹಳೆಯದಕ್ಕೆ ಅಣ್ಣಮ್ಮ ತನ್ನ ಚೀಟಿ ಎತ್ತಿಕೊಟ್ಟಳು. ಕೊಡುವಾಗ ಒಂದು ಮಾತು ಹೇಳಿದಳು.

"ಇದು ಒಂದೇ ಸಲ ಕಣ್ರೀ. ಡಕೋಟ ತಗೊಂಡ್ ಬಂದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಯಾವುದಾದ್ರೂ ಫ್ಯಾಕ್ಟರಿ ಗೇಟಲ್ಲಿ ನಿಂತ್ಕೊಳೋದೇ."

ಹಳೇ ಸಾಮಾನು ಮಾರುವ ಎಸ್.ಪಿ. ರಸ್ತೆಯಲ್ಲಿ ಒಬ್ಬ ತೋರಿಸಿದ ಸ್ಕೋಪು ಹೊಳೆಯುತ್ತಿತ್ತು. ದೊಡ್ಡಹನುಮಯ್ಯ ಉಗುರಿನಿಂದ ಕೆರೆದ. ಬಣ್ಣದ ಕೆಳಗೆ ಇನ್ನೊಂದು ಬಣ್ಣ, ನಂಬರು ಇದ್ದ ಜಾಗದಲ್ಲಿ ಅರ ಉಜ್ಜಿದ ಗುರುತು. "ಯಾರ ಮನೆ ಮಾಲು ಇದು?" ಎಂದು ಕೇಳಿದ್ದಕ್ಕೆ ಮಾರುವವನು ಟೀ ತರಿಸಿದ. ದೊಡ್ಡಹನುಮಯ್ಯ ಅದನ್ನು ಕುಡಿಯದೆ ಎದ್ದು ಬಂದ.

ಆಮೇಲೆ ಸಿಕ್ಕಿದ್ದು ಬಸವೇಶ್ವರನಗರದ ಸೇತುರಾಮರ ವಿಳಾಸ. ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದು ನಿವೃತ್ತರಾದವರು. ಸ್ವಂತಕ್ಕೆ ಇಟ್ಟುಕೊಂಡಿದ್ದ ಸಣ್ಣ ಸ್ಕೋಪನ್ನು ಮಾರುತ್ತಾರಂತೆ. ಬಿಲ್ಲು ಇತ್ತು, ನಂಬರು ಇತ್ತು, ಬಟ್ಟೆಯ ಗವುಸೂ ಇತ್ತು. ಕೇಳಿದ ಬೆಲೆ ಎಸ್.ಪಿ. ರಸ್ತೆಯವನು ಹೇಳಿದ್ದರ ಅರ್ಧ. ದೊಡ್ಡಹನುಮಯ್ಯನ ಎದೆ ಅಲ್ಲೇ ಧಸಕ್ಕೆಂದಿತು. ಇಷ್ಟು ಒಳ್ಳೆಯದನ್ನು ಇಷ್ಟು ಅಗ್ಗಕ್ಕೆ ಯಾರು ತಾನೇ ಕೊಡುತ್ತಾರೆ?

"ಒಂದ್ಸಲ ಹಾಕಿ ತೋರಿಸಿ ಸಾರ್," ಎಂದ.

ಸೇತುರಾಮರು ಸ್ವಿಚ್ಚು ಒತ್ತಿದರು, ಅಷ್ಟೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನೀವೇ ತಿರುಗಿಸಿ ನೋಡಿ. ಏನು ಕಾಣಿಸ್ತಿದೆ ಹೇಳಿ," ಎಂದರು.

ಮಾರುವವನು ತೋರಿಸಬೇಕೋ, ಕೊಳ್ಳುವವನು ಹೇಳಬೇಕೋ? ದೊಡ್ಡಹನುಮಯ್ಯ ಬಗ್ಗಿ ನೋಡಿದ. ಬೆಳಕಿನ ಗುಂಡಿ ಕೊನೆಯವರೆಗೂ ತಿರುಗಿತ್ತು, ಗೆರೆ ಕಣ್ಣು ಕುಕ್ಕುವ ಹಾಗಿತ್ತು. ಪರದೆ ಸತ್ತಿರುವುದಕ್ಕೇ ಬೆಳಕನ್ನು ಇಷ್ಟು ಏರಿಸಿ ಇಟ್ಟಿದ್ದಾರೆ ಎಂದು ಮನಸ್ಸಿನಲ್ಲಿ ಬರೆದುಕೊಂಡ. ಗುಂಡಿಯನ್ನು ಅರ್ಧಕ್ಕೆ ಇಳಿಸಿದ. ಗೆರೆ ಸಣ್ಣಗೆ, ಚೊಕ್ಕವಾಗಿ ನಿಂತಿತು. ಅದೂ ಅನುಮಾನವೇ ಆಯಿತು.

"ಯಾಕ್ ಸಾರ್ ಮಾರ್ತಾ ಇದೀರಿ?"

"ಇನ್ನು ನನಗೆ ಉಪಯೋಗ ಇಲ್ಲ. ತಗೊಂಡು ಹೋಗಿ, ನಾಲ್ಕು ದಿನ ಇಟ್ಕೊಂಡು ನೋಡಿ. ಸರಿ ಅನ್ನಿಸಿದ್ರೆ ದುಡ್ಡು ತಂದ್ಕೊಡಿ."

ದುಡ್ಡಿಲ್ಲದೆ ಸಾಮಾನು ಕೊಡುವ ಮನುಷ್ಯನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಒಳಗೆ ಏನೋ ಹುಳುಕಿದೆ, ಅದು ನಾಲ್ಕು ದಿನವಾದ ಮೇಲೆ ಹೊರಗೆ ಬರುವಂಥ ಹುಳುಕು ಎಂದು ಲೆಕ್ಕ ಹಾಕುತ್ತಲೇ ಸ್ಕೋಪನ್ನು ಹಳೇ ಟ್ಯೂಬಿನಿಂದ ಕ್ಯಾರಿಯರ್ ಮೇಲೆ ಬಿಗಿದುಕೊಂಡು ಬಂದ.

ಇನ್ನು ಪರೀಕ್ಷೆ. ಅನುಮಾನದ ಸಾಮಾನನ್ನು ಅನುಮಾನವೇ ಇಲ್ಲದ ಸಾಮಾನಿನ ಮೇಲೆ ಇಟ್ಟು ನೋಡಬೇಕು, ಅದು ಅವನ ಪದ್ಧತಿ. ಇಡೀ ಪ್ರಪಂಚದಲ್ಲಿ ಅವನು ನಂಬುವ ವಸ್ತು ಒಂದೇ ಒಂದಿತ್ತು. ಹನ್ನೊಂದು ವರ್ಷದ ಹಿಂದೆ ತಾನೇ ಟ್ರಾನ್ಸ್‌ಫಾರ್ಮರು ಸುತ್ತಿ, ನಾಲ್ಕು ಡಯೋಡು ಜೋಡಿಸಿ ಮಾಡಿದ್ದ ಬ್ಯಾಟರಿ ಚಾರ್ಜರು. ಅಂಗಡಿ ಶುರುವಾದದ್ದೇ ಅದರಿಂದ. ಆಯುಧಪೂಜೆಯ ದಿನ ಮೊದಲ ಹೂವು ಅದಕ್ಕೆ, ಮೊದಲ ಕುಂಕುಮ ಅದಕ್ಕೆ. ಹನ್ನೊಂದು ವರ್ಷದ ಅರಿಸಿನ ಕುಂಕುಮ ಪದರಗಟ್ಟಿ ಮುಚ್ಚಳದ ಸ್ಕ್ರೂಗಳೇ ಕಾಣದಂತಾಗಿದ್ದವು. ಪೂಜೆ ಮಾಡಿದ್ದನ್ನು ಸುಮ್ಮಸುಮ್ಮನೆ ಬಿಚ್ಚುವುದುಂಟೆ?

ಚಾರ್ಜರಿಗೆ ಒಂದು ಹೆಡ್‌ಲೈಟ್ ಬಲ್ಬು ಕಟ್ಟಿ, ಅದರ ಮೇಲೆ ಸ್ಕೋಪಿನ ವೈರು ಇಟ್ಟ. ನಾಲ್ಕು ಡಯೋಡೂ ದುಡಿಯುತ್ತಿದ್ದರೆ ಪರದೆಯ ಮೇಲೆ ಗುಡ್ಡದ ಪಕ್ಕ ಗುಡ್ಡ ಒತ್ತೊತ್ತಾಗಿ ಬರಬೇಕು. ಬಂದದ್ದು ಒಂದು ಗುಡ್ಡ, ಆಮೇಲೆ ಬಯಲು. ಮತ್ತೆ ಒಂದು ಗುಡ್ಡ, ಮತ್ತೆ ಬಯಲು. ಅರ್ಧಕ್ಕರ್ಧ ನಾಪತ್ತೆ.

"ಸಿಕ್ಕಿಬಿದ್ದ!" ಎಂದು ತೊಡೆ ತಟ್ಟಿದ ದೊಡ್ಡಹನುಮಯ್ಯ. ಸತ್ಯ ಹೇಳಬೇಕೆಂದರೆ, ಸ್ಕೋಪು ಸರಿಯಿದ್ದಿದ್ದರೆ ಅವನಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಮಾರನೆಯ ದಿನ ಸೇತುರಾಮರ ಮನೆಯ ಮೇಜಿನ ಮೇಲೆ ಅದನ್ನು ಕುಕ್ಕಿದ. "ವಯಸ್ಸಾದೋರು ನೀವು, ಇಂಥ ಕೆಲಸ ಮಾಡಬಾರದು ಸಾರ್. ನನ್ನ ಚಾರ್ಜರಿಗೆ ಇಟ್ಟು ನೋಡಿದೆ, ಅರ್ಧ ತೋರಿಸುತ್ತೆ, ಅರ್ಧ ನುಂಗುತ್ತೆ. ಕೆಟ್ಟ ಮಾಲು ಅಂತ ಗೊತ್ತಿದ್ದೇ ನೀವು ಹಾಕಿ ತೋರಿಸಲಿಲ್ಲ."

ಸೇತುರಾಮರ ಮುಖ ಬಿಳುಪೇರಿತು. "ಚಾರ್ಜರ್ ಬಿಚ್ಚಿ ನೋಡಿದ್ರಾ?" ಎಂದರು.

"ಅದು ನನ್ನ ಕೈಯಾರೆ ಮಾಡಿದ್ದು ಸಾರ್!" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ನಾಲ್ಕನೆಯ ದಿನ ಮೆಟಡಾರಿನ ಪದ್ಮನಾಭ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಬ್ಯಾಡರಹಳ್ಳಿಯಿಂದ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವವನು. ಹಿಂದಿನ ತಿಂಗಳು ಅವನ ಬ್ಯಾಟರಿ ಒಂದು ಹಗಲು ಒಂದು ರಾತ್ರಿ ಚಾರ್ಜಿಗಿಟ್ಟರೂ ತುಂಬದೆ, ಸತ್ತಿದೆ ಎಂದು ದೊಡ್ಡಹನುಮಯ್ಯನೇ ತೀರ್ಪು ಕೊಟ್ಟಿದ್ದ.

"ನೀನು ಸತ್ತೋಯ್ತು ಅಂದ ಬ್ಯಾಟರಿ ಇದೇ ಕಣಣ್ಣ," ಎಂದ ಪದ್ಮನಾಭ, ಬಾನೆಟ್ಟು ಎತ್ತಿ. "ಹೊಸದಕ್ಕೆ ದುಡ್ಡಿಲ್ದೆ ಇನ್ನೊಂದ್ ಕಡೆ ಚಾರ್ಜಿಗೆ ಹಾಕ್ಸಿದೆ. ಇಪ್ಪತ್ತು ದಿನದಿಂದ ಒಂದೇ ಸೆಲ್ಫಿಗೆ ಗಾಡಿ ಎದ್ದೇಳ್ತಾ ಐತೆ. ನನಗೆ ಹೊಸದು ಮಾರಿ ಕಮಿಷನ್ ಹೊಡೆಯೋಣ ಅಂತಿದ್ದಾ ಹೆಂಗೆ?"

ದೊಡ್ಡಹನುಮಯ್ಯನಿಗೆ ಉರಿದುಹೋಯಿತು. ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ, ಕೇಳುವುದೆಲ್ಲ ಅವನ ಪಾಲಿನದಾಗಿತ್ತು. ಬಾಯಿಗೆ ಬಂದ ಬೈಗುಳ ಬಾಯಲ್ಲೇ ನಿಂತಿತು. ಒಂದು ಗುಡ್ಡ, ಒಂದು ಬಯಲು ಕಣ್ಣ ಮುಂದೆ ಹಾದುಹೋಯಿತು.

ಪದ್ಮನಾಭ ಹೋದ ಮೇಲೆ ಚಾರ್ಜರನ್ನು ಎಳೆದುಕೊಂಡು ಕುಳಿತ. ಕುಂಕುಮವನ್ನು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ಸ್ಕ್ರೂ ಬಿಚ್ಚಿದ. ಮುಚ್ಚಳ ಎದ್ದು ಬಂತು. ಒಂದು ಡಯೋಡಿನ ಬುಡ ಸುಟ್ಟು ಕಪ್ಪಗಾಗಿತ್ತು. ಟೆಸ್ಟ್ ಲ್ಯಾಂಪು ಇಟ್ಟ. ಸರಿಯಿರುವ ಡಯೋಡಾದರೆ ಒಂದು ಕಡೆಯಿಂದಾದರೂ ಉರಿಯಬೇಕು. ಹೀಗಿಟ್ಟರೂ ಉರಿಯಲಿಲ್ಲ, ತಿರುಗಿಸಿ ಇಟ್ಟರೂ ಉರಿಯಲಿಲ್ಲ. ಯಾವ ಕಾಲದಲ್ಲಿ ಸತ್ತಿತ್ತೋ, ಅಲ್ಲಿಂದ ಚಾರ್ಜರು ಅರ್ಧ ಕರೆಂಟನ್ನೇ ಕೊಡುತ್ತಿತ್ತು. ಅರ್ಧ ಚಾರ್ಜರಿನಲ್ಲಿ ತುಂಬದ ಬ್ಯಾಟರಿಗಳನ್ನೆಲ್ಲ ಅವನು ಸತ್ತವು ಎಂದು ಬದಿಗಿಟ್ಟಿದ್ದ. ಪದ್ಮನಾಭನದು ಒಂದು. ಕಾಮಾಕ್ಷಿಪಾಳ್ಯದ ಟ್ಯಾಕ್ಸಿಯವನದು ಒಂದು. ಇನ್ನೆಷ್ಟೋ. ಪದ್ಮನಾಭನೊಬ್ಬನನ್ನು ಬಿಟ್ಟು ಉಳಿದವರು ಅವನ ಮಾತು ನಂಬಿ ಹೊಸದು ಕೊಂಡಿದ್ದರು. ದೊಡ್ಡಹನುಮಯ್ಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಣ್ಣಮ್ಮ ಊಟಕ್ಕೆ ಕರೆದರೆ ಬೇಡ ಎಂದ. ಅವಳು ಏನಾಯಿತೆಂದು ಕೇಳಿದಾಗ ಒಂದನ್ನೂ ಮುಚ್ಚಿಡದೆ ಹೇಳಿದ.

"ಮೊದಲು ಆ ಯಜಮಾನರ ಮನೆಗೆ ಹೋಗಿ. ಆಮೇಲೆ ಬ್ಯಾಟರಿಯೋರು," ಎಂದಳು ಅವಳು.

ಹೊಸ ಡಯೋಡು ಹಾಕಿ, ಮಣಭಾರದ ಚಾರ್ಜರನ್ನೇ ಮೊಪೆಡ್ಡಿನ ಮೇಲೆ ಕಟ್ಟಿಕೊಂಡು ಸಂಜೆ ಬಸವೇಶ್ವರನಗರಕ್ಕೆ ಹೋದ. ಅಷ್ಟರಲ್ಲಿ ಬೇರೆ ಯಾರಾದರೂ ಒಯ್ದಿದ್ದರೆ ಎಂದು ದಾರಿಯುದ್ದಕ್ಕೂ ದಿಗಿಲು. ಸ್ಕೋಪು ಅವನು ಕುಕ್ಕಿಹೋದ ಜಾಗದಲ್ಲೇ ಇತ್ತು. ಸೇತುರಾಮರು ಅದರ ಮುಂದೆಯೇ ಕುಳಿತಿದ್ದರು. ಬೆಳಕಿನ ಗುಂಡಿ ಮತ್ತೆ ಕೊನೆಯವರೆಗೂ ತಿರುಗಿತ್ತು.

"ತಪ್ಪು ನನ್ನದು ಸಾರ್. ಕೆಟ್ಟಿದ್ದು ನನ್ನ ಚಾರ್ಜರು," ಎಂದ ನಿಂತಲ್ಲೇ.

ಅವರು ಉಸಿರು ಬಿಟ್ಟರು. "ಹಾಗಾದ್ರೆ ಇದು ಸರಿಯಿದೆಯಾ?"

"ನಿಮಗೆ ಗೊತ್ತಿಲ್ವಾ ಸಾರ್?"

"ಹೇಗೆ ಗೊತ್ತಾಗಬೇಕು ಹನುಮಯ್ಯನವರೇ? ಎರಡು ಕಣ್ಣೂ ಹೋಗ್ತಾ ಇದೆ. ಮನುಷ್ಯರು ನೆರಳಿನ ಹಾಗೆ ಕಾಣ್ತಾರೆ, ಈ ಗೆರೆ ಕಾಣಲ್ಲ. ಅದಕ್ಕೇ ಮಾರೋಕೆ ಹೊರಟೆ, ಅದಕ್ಕೇ ನಿಮ್ಮನ್ನ ನೋಡಿ ಅಂದೆ. ನೀವು ಹಾಗಂದು ಹೋದ್ಮೇಲೆ ನನಗೂ ಅನುಮಾನ ಶುರುವಾಯ್ತು. ಮೂರು ದಿನದಿಂದ ಇದರ ಮುಂದೆ ಕೂತಿದೀನಿ. ಕೆಟ್ಟಿದೆಯೋ ಇಲ್ಲವೋ ನೋಡೋಣ ಅಂದ್ರೆ ನನ್ನ ಕೈಲಿ ಆಗ್ತಿಲ್ಲ."

ದೊಡ್ಡಹನುಮಯ್ಯ ಚಾರ್ಜರನ್ನು ಒಳಗೆ ತಂದಿಟ್ಟು, ಬಲ್ಬು ಕಟ್ಟಿ, ಸ್ಕೋಪಿನ ವೈರು ಸಿಕ್ಕಿಸಿದ. ಹಸಿರು ಗೆರೆ ಎದ್ದಿತು.

"ಏನು ಕಾಣಿಸ್ತಿದೆ?" ಎಂದರು ಸೇತುರಾಮರು.

ಅವನು ಅವರ ತೋರುಬೆರಳನ್ನು ಹಿಡಿದು ಪರದೆಯ ಗಾಜಿನ ಮೇಲಿಟ್ಟ. ಗೆರೆಯ ಜೊತೆಗೇ ಮೆಲ್ಲಗೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದ.

"ಇಲ್ಲೊಂದು ಗುಡ್ಡ ಸಾರ್. ಪಕ್ಕದಲ್ಲೇ ಇನ್ನೊಂದು. ಇಗೋ, ಇನ್ನೊಂದು. ಬಯಲು ಎಲ್ಲೂ ಇಲ್ಲ."

"ನಿಜವಾಗ್ಲೂ?" ಎಂದರು ಅವರು.

"ನನ್ನ ಮಾತು ನಂಬಿ ಸಾರ್," ಎಂದ ದೊಡ್ಡಹನುಮಯ್ಯ.