ನಿಮ್ಮ ರೋಬೋಟ್ ಬಂತು

ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಸಿಕಂದರಾಬಾದಿನಲ್ಲಿ ನನಗೆ ಸಿಕ್ಕ ಸರ್ಜನ್ ನಮ್ಮ ಕಲಬುರಗಿ ಕಡೆಯವರು. ಮಾತಿಗೊಮ್ಮೆ ಬೆರಳುಗಳನ್ನು ಮಡಚಿ ಬಿಚ್ಚುತ್ತ, "ಚಿಂತಿ ನಂಗ ಬಿಡ್ರಿ" ಎನ್ನುತ್ತಿದ್ದರು.

ನನ್ನ ಪ್ರಾಸ್ಟೇಟ್ ಕ್ಯಾನ್ಸರಿಗೆ ಎರಡು ದಾರಿ ಹೇಳಿದರು. "ಹೊಟ್ಟಿ ತೆರದು ಮಾಡಬಹುದು, ರೋಬೋಟ್ ಹಚ್ಚಿ ಮಾಡಬಹುದು. ರೋಬೋಟಿನಾಗ ಗಾಯ ಸಣ್ಣದು, ರಕ್ತ ಹೋಗೂದು ಕಡಿಮಿ. ಮೂತ್ರದ ಹಿಡಿತ ಎರಡರಾಗೂ ಹೆಚ್ಚುಕಡಿಮಿ ಅಷ್ಟ."

"ಡಾಕ್ಟರ್ ಸಾಬ್, ನಡುವ ಮಷೀನ್ ಹ್ಯಾಂಗ್ ಆದ್ರ?" ಎಂದೆ. ನಮ್ಮ ಮನೆಯ ಕಂಪ್ಯೂಟರಿನದು ದಿನವೂ ಅದೇ ಪಾಡು.

ಅವರು ಗಹಗಹಿಸಿ ನಕ್ಕರು. "ಅದೇನು ತಾನ ಕೊಯ್ತೈತೇನ್ರಿ? ನಡಸಾಂವ ನಾನ. ಅದು ನಿಂತ್ರ ಹೊಟ್ಟಿ ತೆರದು ಮುಗಸ್ತೀನಿ. ಎರಡೂ ನಂಗ ಬರ್ತಾವ."

"ಹಂಗಾದ್ರ ರೋಬೋಟೇ ಆಗ್ಲಿ!" ಎಂದುಬಿಟ್ಟೆ.

ಆಪರೇಷನ್ ಥಿಯೇಟರಿನಲ್ಲಿ ರೋಬೋಟಿನ ಪಕ್ಕ ನಿಂತು ಅವರು ತೊಳೆದ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದರು. "ನೋಡ್ರಿ, ನಿಮ್ಮ ರೋಬೋಟ್ ಬಂತು!"

ಮಲಗಿದ್ದಲ್ಲಿಂದಲೇ ನಗುತ್ತ ಹೇಳಿದೆ: "ಚಿಂತಿ ನಿಮಗ ಬಿಟ್ಟೀನ್ರಿ."