ಭಾರತೀನಗರದ ಬೆಂಚಿನ ಮೇಲೆ ಎಚ್ಚರ

ಕೆನಡಾದಿಂದ ಬಂದು ಮೂರು ದಿನವಾಯಿತು. ಮೈಯ ದಣಿವು ಹೋಗಿದೆ, ನಿದ್ದೆ ಮಾತ್ರ ಇನ್ನೂ ಅಲ್ಲಿನ ಗಡಿಯಾರವನ್ನೇ ನಂಬಿಕೊಂಡಿದೆ. ಬೆಳಗಿನ ಬಿಸಿಲಿಗೆ ಮೈಯೊಡ್ಡಿದೆ, ಕಾಫಿ ಬಿಟ್ಟೆ, ಡಾಕ್ಟರು ಬರೆದ ಮಾತ್ರೆಯನ್ನೂ ನುಂಗಿದೆ. ಯಾವುದೂ ನಾಟಲಿಲ್ಲ. ಇವತ್ತು ಭಾರತೀನಗರದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟೂವರೆಗೇ ತೂಕಡಿಸುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದವರು ಸಕ್ಕರೆ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದಿದ್ದರು. ಡಬ್ಬಿ ತೆರೆದರು. ಮುದ್ದೆ, ಉಪ್ಸಾರು. ಇಷ್ಟು ಹೊತ್ತಿಗೇ ಮುದ್ದೆಯೇ ಎಂದು ಕೇಳಿದೆ.

“ಇದು ನಂಗೆ ರಾತ್ರಿ ಊಟ ಕಣಣ್ಣ. ವಾರ ವಾರ ಪಾಳಿ ಬದಲಾಯ್ತದೆ. ಕಣ್ಗೆ ಯೋಳುದ್ರೆ ಕೇಳಕಿಲ್ಲ. ಈಗ್ಲೇ ರಾತ್ರಿ ಅಂತ ಒಟ್ಟೆಗೆ ಯೋಳ್ಬೇಕು. ಅದು ಒಪ್ಕಂಡ್ರೆ ಕಣ್ಣೂ ಒಪ್ಕತ್ತದೆ.”

ನನ್ನ ಪಾಡನ್ನೂ ಹೇಳಿಕೊಂಡೆ. ಹೇಳುತ್ತಲೇ ನಾಚಿಕೆಯಾಯಿತು. ನನ್ನ ಮೂರು ದಿನದ ಗೋಳು ಇವರಿಗೆ ವಿಮಾನ ಹತ್ತದೆಯೇ ವಾರ ವಾರ ಬರುತ್ತದೆ.

“ಅಂಗಾರೆ ನೀವು ಈಗ ಮಲಗ್ಬಾರ್ದು. ಮಾತಾಡ್ತಾ ಇರಿ, ನಿದ್ದೆ ಮಾಡಕ್ಕೆ ನಾನು ಬುಡಕಿಲ್ಲ,” ಎಂದು ಕೈ ತೊಳೆದು ಬಂದರು. ನಾಲ್ಕು ಮಾತಾಡುವಷ್ಟರಲ್ಲಿ ಅವರ ತಲೆಯೇ ನನ್ನ ಹೆಗಲಿಗೆ ವಾಲಿತು.

ಮಳವಳ್ಳಿ ಬಸ್ಸಿಗೆ ಹೋಗಬೇಕು ಎಂದಿದ್ದರು. ಹೆಗಲು ಅಲುಗಿಸದೆ ಬಂದ ಬಸ್ಸುಗಳ ಬೋರ್ಡನ್ನೆಲ್ಲ ಓದುತ್ತಾ ಕೂತೆ. ನನ್ನ ಮಂಡ್ಯ ಬಸ್ಸು ಬಂತು, ಹೋಯಿತು. ಕೊನೆಗೆ ಮಳವಳ್ಳಿಯದು ಬಂದು ನಿಂತಾಗ ಅವರನ್ನು ಎಬ್ಬಿಸಿದೆ.

ಡಬ್ಬಿ ಎತ್ತಿಕೊಂಡು ನನ್ನ ಕಣ್ಣನ್ನೇ ನೋಡಿದರು.

“ನೋಡುದ್ರಾ, ನಿಮ್ಗೆ ನಿದ್ದೆ ಮಾಡಕ್ಕೆ ಬುಡ್ನಿಲ್ಲ ನಾನು,” ಎಂದು ಬಸ್ಸು ಹತ್ತಿದರು.