ಗೇಟಣ್ಣ ಹರಿದ ಟಿಕೆಟು

ಚಿತ್ರಮಂದಿರದ ಬಾಗಿಲಲ್ಲಿ ನಿಂತು ಟಿಕೆಟು ಹರಿಯುವುದೇ ಅವನ ಕಸುಬು. ಎಲ್ಲರ ಬಾಯಲ್ಲೂ ಅವನು ಗೇಟಣ್ಣ. ಸಿನಿಮಾ ಮಾತ್ರ ನೋಡುತ್ತಿರಲಿಲ್ಲ. "ಮಿಠಾಯಿ ಮಾಡೋನು ಮಿಠಾಯಿ ತಿಂತಾನೇನ್ರೀ?" ಎಂದು ನಗುತ್ತಿದ್ದ. ಬಾಗಿಲ ಪರದೆಯಾಚೆಯ ಸಿಳ್ಳೆ, ಆಕಳಿಕೆ ಕೇಳಿಯೇ ಚಿತ್ರದ ಹಣೆಬರಹ ಹೇಳಿಬಿಡುತ್ತಿದ್ದ.

ಒಂದು ಚಿತ್ರ ಬಂತು ನೋಡಿ, ಬಂದರಿನ ಕಳ್ಳಸಾಗಣೆ ದೊರೆಯ ಕಥೆಯಂತೆ, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ! ಮ್ಯಾನೇಜರು ಹಿಗ್ಗಿ ಹೀರೇಕಾಯಿಯಾದ. ಹೊಸ ಏರ್ಪಾಟನ್ನೂ ಮಾಡಿದ. ಹರಿದ ಟಿಕೆಟಿನ ಅರ್ಧಗಳನ್ನು ಗೇಟಣ್ಣ ಸಣ್ಣಗೆ ಚೂರು ಮಾಡಿ, ಚೀಲಕ್ಕೆ ತುಂಬಿ, ಮುಂದಿನ ಸಾಲಿನ ಅಭಿಮಾನಿಗಳಿಗೆ ಕೊಡಬೇಕು. ಮೆಚ್ಚಿದ ಸೀನಿಗೆ ಅವರು ತೂರಬೇಕು.

ಗೇಟಣ್ಣನ ಒಡಹುಟ್ಟಿದ ಅಣ್ಣ ವರ್ಷಗಳ ಹಿಂದೆ ಬಂದರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದವನು. ಕಳ್ಳಮಾಲು ಕಂಡು ಪೊಲೀಸರಿಗೆ ಹೇಳಿದ. ವಾರದೊಳಗೆ ಪೆಟ್ಟಿಗೆಗಳ ನಡುವೆ ಹೆಣವಾಗಿ ಸಿಕ್ಕ. ಸಾಕ್ಷಿ ಹೇಳಲು ಒಂದು ನರಪಿಳ್ಳೆಯೂ ಬರಲಿಲ್ಲ. 'ಬಾಯ್ಮುಚ್ಕೊಂಡಿದ್ರೆ ಬದುಕ್ತಿದ್ದ' ಎಂದು ಊರು ಕೈತೊಳೆದುಕೊಂಡಿತು. ಥೂ! ಆ ಮಾತು ಅತ್ತಿಗೆಯ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು.

ಹಾಗಾಗಿ, ಆಟ ಬಿಟ್ಟು ಬರುತ್ತಿದ್ದವನೊಬ್ಬ "ಪೊಲೀಸರಿಗೆ ಸುದ್ದಿ ಕೊಡ್ತಾನಲ್ಲ, ಆ ಗುಮಾಸ್ತನ ಸೀನಿಗೆ ಇಡೀ ಥಿಯೇಟರ್ ಎದ್ದು ನಿಂತ್ಬಿಡ್ತು ಗುರೂ" ಎಂದಾಗ ಗೇಟಣ್ಣನ ಕಣ್ಣು ತುಂಬಿತು. ಅಯ್ಯೋ ಪುಣ್ಯಾತ್ಮ, ಒಂದು ಸಲ ಒಳಗೆ ಇಣುಕಿದ್ದರೆ ಅವನ ಗಂಟೇನು ಹೋಗುತ್ತಿತ್ತು! ಇಣುಕಲಿಲ್ಲ. ಸೀದಾ ಮನೆಗೆ ಹೋದ. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಅಣ್ಣನಂಥವನದ್ದೇ ಪಾತ್ರ ಇದೆಯಂತೆ ಅತ್ತಿಗೆ. ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ."

ಯಂತ್ರ ನಿಂತಿತು. "ಹೌದಾ? ಈಗಲಾದ್ರೂ ಜನಕ್ಕೆ ಅರ್ಥ ಆಯ್ತಲ್ಲಪ್ಪಾ, ಅವರು ತಪ್ಪು ಮಾಡ್ಲಿಲ್ಲ ಅಂತ."

"ನಾಳೆ ಮ್ಯಾಟಿನಿಗೆ ಬನ್ನಿ. ಮುಂದೇನೇ ಸೀಟು ಹಿಡಿದಿರ್ತೀನಿ."

ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು ಅತ್ತಿಗೆ ಬಂದಳು. ಅವಳ ಟಿಕೆಟನ್ನೂ ಹರಿದು ಅದೇ ಚೀಲಕ್ಕೆ ಹಾಕಿದ. ಅಣ್ಣನಿಗೆ ಬೀಳುವ ಹೂವು ಎಂದುಕೊಂಡು ಅವತ್ತು ಚೂರುಗಳನ್ನು ಇನ್ನೂ ಸಣ್ಣಗೆ ಮಾಡಿದ್ದ.

ಮಧ್ಯಂತರ ಕಳೆದು ಸಿಳ್ಳೆ ಮುಗಿಲು ಮುಟ್ಟಿತು. ಅಣ್ಣನ ಸೀನೇ ಇರಬೇಕು! ತಡೆಯಲಾಗದೆ ಗೇಟಣ್ಣ ಪರದೆ ಸರಿಸಿದ.

ತೆರೆಯ ಮೇಲೆ ಗುಮಾಸ್ತ ದೊರೆಯ ಕಾಲು ಹಿಡಿದು ಜೀವಕ್ಕಾಗಿ ಗೋಗರೆಯುತ್ತಿದ್ದ. ದೊರೆ ನಗುತ್ತ ಕಬ್ಬಿಣದ ಸಲಾಕೆ ಎತ್ತಿದ.

"ಹಾಕು ಬಾಸ್! ಚಾಡಿಕೋರನಿಗೆ ಹಾಕು!"

ಇಡೀ ಥಿಯೇಟರ್ ಕೂಗುತ್ತ ಎದ್ದು ನಿಂತಿತು. ಚೀಲ ಬರಿದಾಯಿತು. ಕಾಗದದ ಚೂರುಗಳ ನಡುವೆ ಕೂತೇ ಇದ್ದವಳು ಅತ್ತಿಗೆ ಒಬ್ಬಳೇ.

ಗೇಟಣ್ಣ ಅವಳ ಕೈಹಿಡಿದು ಹೊರಗೆ ಕರೆತಂದ. ಅವಳ ಕೂದಲ ತುಂಬ ಅವನೇ ಹರಿದ ಚೂರುಗಳು. ಒಂದೊಂದಾಗಿ ಆರಿಸತೊಡಗಿದ.

"ನಾನು ನೋಡಿರ್ಲಿಲ್ಲ ಅತ್ತಿಗೆ. ದೇವರಾಣೆ ನೋಡಿರ್ಲಿಲ್ಲ."

"ಅವರು ಸಾಯುವಾಗ ಹತ್ತಿರ ಇರ್ಲಿಲ್ವಲ್ಲ ಅಂತ ಇಷ್ಟು ವರ್ಷ ಅಳ್ತಿದ್ದೆ. ಇವತ್ತು ಇದ್ದೆ," ಎಂದಳು ಅತ್ತಿಗೆ. "ಒಬ್ರೂ ಬೇಡ ಅನ್ನಲಿಲ್ಲ ಕಣಪ್ಪಾ."

ಅಷ್ಟರಲ್ಲಿ ಮ್ಯಾನೇಜರು ಕೂಗಿದ: "ಗೇಟಣ್ಣಾ, ಮುಂದಿನ ಆಟಕ್ಕೆ ಚೀಲ ರೆಡಿ ಮಾಡು!"

ಗೇಟಣ್ಣ ಕದಲಲಿಲ್ಲ. ತನ್ನ ಹೆಗಲ ಮೇಲುಳಿದಿದ್ದ ಚೂರನ್ನು ಅತ್ತಿಗೆಯೇ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಹೋಗಪ್ಪಾ, ಕರೀತಿದ್ದಾರೆ."